ಬಸಿರಿನ ಮೇಲಣ ಅಪವಾದವೂ ವರ್ಣತಂತುಗಳ ಸಾಕ್ಷ್ಯವೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಸೊಸೆಯರಾಗಿಯೂ ತಾಯಂದಿರಾಗಿಯೂ ಅತ್ತೆಯರಾಗಿಯೂ ಬಾಳುತ್ತಿರುವ ಮನೆಗಳು ಅನೇಕವಾಗಿವೆ. ಅಂಥ ಮನೆಯೊಂದರಲ್ಲಿ ಮೂರನೆಯ ಕೂಸೂ ಹೆಣ್ಣಾಯಿತೆಂದು ಭಾವಿಸೋಣ. ತೊಟ್ಟಿಲನ್ನು ನೋಡಲು ಬಂದ ನೆಂಟರ ಬಾಯಿಂದ ಮೊದಲು ಹೊರಡುವ ಮಾತು ಯಾವುದೆಂಬುದನ್ನು ವಾಚಕರಿಗೆ ನಾವು ತಿಳಿಸಿಕೊಡಬೇಕಾದ ಅಗತ್ಯವಿಲ್ಲ. "ಇವಳ ತಾಯಿಗೂ ಬರಿಯ ಹೆಣ್ಣೇ ಅಲ್ಲವೇನಮ್ಮ? ಆ ಮನೆಯ ಬಸಿರೇ ಹಾಗೆ" ಎಂದು ಒಬ್ಬಾಕೆ ಅಂದರೆ ಉಳಿದವರು ತಲೆದೂಗುವರು. ಬಾಣಂತಿಯು ಗೋಡೆಯ ಕಡೆಗೆ ಮುಖಮಾಡಿ ಮಲಗುವಳು. ಕೂಸಿನ ತಂದೆಯೋ, ಜಗುಲಿಯ ಮೇಲೆ ಕುಳಿತು ಬಂದವರಿಂದ ಸಮಾಧಾನ ಹೇಳಿಸಿಕೊಳ್ಳುತ್ತಿರುವನು.

ಆ ಬಾಣಂತಿಯು ನಮ್ಮ ಹುಡುಗಿಯೇ ಆಗಿರಬಹುದು. ಹಾಗಿದ್ದ ಪಕ್ಷದಲ್ಲಿ, ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಬರುವ ವರ್ಣತಂತುವಿನಿಂದ ನಿರ್ಧಾರವಾಗುವುದೆಂದು ಹತ್ತನೆಯ ತರಗತಿಯ ವಿಜ್ಞಾನದ ಪಾಠದಲ್ಲಿ ಅವಳು ಓದಿದ್ದಾಳೆ. ಅದರ ಚಿತ್ರವನ್ನು ಬರೆದು ಬಣ್ಣ ತುಂಬಿದ್ದಾಳೆ. ಪರೀಕ್ಷೆಯಲ್ಲಿ ಅಂಕವನ್ನೂ ಪಡೆದಿದ್ದಾಳೆ. ಆದರೆ ಆ ವಿದ್ಯೆ ಉತ್ತರಪತ್ರಿಕೆಯ ಕಟ್ಟಿನೊಡನೆಯೇ ಹೊರಟುಹೋಯಿತು. ತನ್ನ ಮೇಲೆ ಅಪವಾದ ಬಂದ ದಿನ ಅದು ಅವಳ ಬಾಯಿಗೆ ಬರಲಿಲ್ಲ, ಬಂದರೂ ಕೇಳುವವರಿರಲಿಲ್ಲ. ಆನುವಂಶಿಕತೆಯ ಶಾಸ್ತ್ರವು ಪರೀಕ್ಷೆಗೆ ಮಾತ್ರ ಮೀಸಲಾಗಿ ಉಳಿಯಬಾರದು, ಅದನ್ನು ಬಾಣಂತಿಯ ಕೋಣೆಗೂ ಮದುವೆಯ ಮಾತುಕತೆಗೂ ಕೊಂಡೊಯ್ಯುವ ಹೊಣೆಯು ಓದಿದ ಹೆಣ್ಣುಮಕ್ಕಳದು, ಎಂಬುದೇ ನಮ್ಮ ಅಭಿಪ್ರಾಯ. ಶಾಲೆ ಬಿಟ್ಟು ಬಹುಕಾಲವಾದವರ ಸಲುವಾಗಿಯೂ, ಆ ಪಾಠವನ್ನೇ ಕೇಳದ ತಂದೆತಾಯಿಗಳ ಸಲುವಾಗಿಯೂ ಮೊದಲು ವಿಷಯವನ್ನು ಸ್ವಲ್ಪ ವಿವರಿಸುವೆವು.

ನಮ್ಮ ಶರೀರವು ಕಣ್ಣಿಗೆ ಕಾಣದ, ಎಣಿಕೆಗೆ ಸಿಕ್ಕದಷ್ಟು ಜೀವಕೋಶಗಳಿಂದಾದುದು. ಕೋಶದ ನಡುವಣ ಕೇಂದ್ರದಲ್ಲಿ ಅತಿ ಸೂಕ್ಷ್ಮವಾದ ಎಳೆಗಳಿವೆ. ಕೋಶವು ಒಡೆದು ಎರಡಾಗುವ ಸಮಯದಲ್ಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಇವು ಬಣ್ಣವನ್ನು ಹೀರಿಕೊಂಡು ತುಂಡುದಾರಗಳಂತೆ ತೋರುವುದರಿಂದ ಇವಕ್ಕೆ ವರ್ಣತಂತುಗಳೆಂದು ಹೆಸರು. ಮನುಷ್ಯನಲ್ಲಿ ಇವು 46. ಬಹುಕಾಲ ಪುಸ್ತಕಗಳೆಲ್ಲ 48 ಎಂದೇ ಹೇಳುತ್ತಿದ್ದವು. 1956ರಲ್ಲಿ ಸ್ವೀಡನ್ ದೇಶದಿಂದ ತ್ಯಿಯೋ ಮತ್ತು ಲೆವಾನ್ ಎಂಬ ಇಬ್ಬರು ವಿದ್ವಾಂಸರು ಪ್ರಕಟಿಸಿದ ಎಣಿಕೆಯಿಂದ ಆ ತಪ್ಪು ತಿದ್ದಿತು. ಈ 46 ಎಳೆಗಳು 23 ಜೊತೆಗಳಾಗಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿ ಕೊಟ್ಟದ್ದು, ಇನ್ನೊಂದು ತಂದೆ ಕೊಟ್ಟದ್ದು. ಎಳೆಯ ಉದ್ದಕ್ಕೂ ಸಾಲಾಗಿ ವಂಶವಾಹಿಗಳು ಅಥವಾ ಜೀನುಗಳು ಇವೆ. ರಕ್ತದ ಗುಂಪು, ಕೂದಲಿನ ಗುಂಗುರು, ಕಣ್ಣಿನ ಬಣ್ಣ ಇವೇ ಮೊದಲಾದವುಗಳ ಸೂಚನೆಗಳು ಇವುಗಳಲ್ಲಿ ಅಡಗಿವೆ. ಮೈಬಣ್ಣ, ಎತ್ತರ ಮುಂತಾದವುಗಳಿಗೆ ಒಂದಲ್ಲ, ಬಹಳ ಜೀನುಗಳು ಕೂಡಿ ಕೆಲಸಮಾಡುವುವು. ಅನ್ನ, ನೀರು, ಆರೈಕೆಗಳೂ ಅವುಗಳ ಜೊತೆ ಸೇರುವುವು. ತಾಯಿಯ ಅಂಡಾಣುವಿಗಾಗಲಿ ತಂದೆಯ ವೀರ್ಯಾಣುವಿಗಾಗಲಿ ಪ್ರತಿ ಜೊತೆಯಿಂದ ಒಂದೊಂದೇ ಎಳೆ ಹೋಗುವುದು. ಯಾವುದು ಹೋಗುವುದೆಂಬುದು ಚೀಟಿ ಎತ್ತಿದ ಹಾಗೆ. ಒಂದೇ ಒಡಲಲ್ಲಿ ಹುಟ್ಟಿದ ಅಕ್ಕತಂಗಿಯರು ಒಬ್ಬರಂತೆ ಒಬ್ಬರಿಲ್ಲದಿರುವುದಕ್ಕೆ ಇದೇ ಕಾರಣ.

ಎಳೆಗಳ ಕೆಲಸ ಯಾರಿಗೂ ತಿಳಿಯದಿದ್ದ ಕಾಲದಲ್ಲಿಯೇ ಅವುಗಳ ನಿಯಮವನ್ನು ಕಂಡುಕೊಂಡವನು ಗ್ರೆಗೊರ್ ಮೆಂಡೆಲ್. ಇಂದು ಚೆಕ್ ದೇಶಕ್ಕೆ ಸೇರಿದ ಬ್ರನೋ ನಗರದ ಕ್ರೈಸ್ತ ಮಠವೊಂದರಲ್ಲಿ ಸಂನ್ಯಾಸಿಯಾಗಿದ್ದ ಆತನು 1856ರಿಂದ 1863ರವರೆಗೆ ಮಠದ ತೋಟದಲ್ಲಿ ಬಟಾಣಿ ಬೆಳೆದು, ಕಾಳುಗಳನ್ನು ಒಂದೊಂದಾಗಿ ಎಣಿಸಿದನು. ಗುಂಡಗಿನ ಕಾಳಿನ ಗಿಡವನ್ನು ಸುಕ್ಕುಗಾಳಿನ ಗಿಡದೊಡನೆ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ಗುಂಡಗಿನವೇ ಆದವು. ಸುಕ್ಕು ಅಳಿದೇ ಹೋಯಿತೆಂದು ಬೇರೆಯವರು ಕೈಬಿಡುತ್ತಿದ್ದರು. ಮೆಂಡೆಲನು ಆ ಕಾಳುಗಳನ್ನೇ ಮತ್ತೆ ಬಿತ್ತಿದನು. ಆಗ ಬಂದ ಫಸಲಿನಲ್ಲಿ 5474 ಗುಂಡು, 1850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಒಂದು ಪೀಳಿಗೆಯಲ್ಲಿ ಕಾಣದಿದ್ದ ಗುಣವು ಸತ್ತಿರಲಿಲ್ಲ, ಪ್ರಬಲವಾದ ಗುಣದ ಮರೆಯಲ್ಲಿ ಅಡಗಿತ್ತು. ಅದು ಹೊರಗೆ ಬರಬೇಕಾದರೆ ಎರಡು ಕಡೆಯಿಂದಲೂ ಬಂದು ಕೂಡಬೇಕು. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಮದುವೆಯ ವಿಷಯ ಬಂದಾಗ ಇದು ಬೇಕಾಗುವುದು. ಮೆಂಡೆಲನ ಲೇಖನ 1866ರಲ್ಲಿ ಅಚ್ಚಾಯಿತು; ಲೋಕವು ಅದರ ಬೆಲೆಯನ್ನು ತಿಳಿದದ್ದು 1900ರಲ್ಲಿ, ಆತನು ತೀರಿಕೊಂಡು 16 ವರ್ಷಗಳಾದ ಮೇಲೆ.

ಇನ್ನು ಗಂಡು ಹೆಣ್ಣಿನ ಪ್ರಶ್ನೆ. ಇದನ್ನು ಬಿಡಿಸಿದವರಲ್ಲಿ ಒಬ್ಬಾಕೆ ಹೆಂಗಸೆಂಬುದು ನಮ್ಮ ಹುಡುಗಿಯರಿಗೆ ತಿಳಿದಿರಬೇಕಾದ ಸಂಗತಿ. ಅಮೆರಿಕದ ನೆಟ್ಟಿ ಸ್ಟೀವನ್ಸ್ ಬಡಗಿಯೊಬ್ಬನ ಮಗಳು. ಶಾಲೆಗಳಲ್ಲಿ ಉಪಾಧ್ಯಾಯಿನಿಯಾಗಿ ದುಡಿದು, 35ನೆಯ ವಯಸ್ಸಿನಲ್ಲಿ ವಿಶ್ವವಿದ್ಯಾನಿಲಯವನ್ನು ಸೇರಿದರು. ಬ್ರಿನ್ ಮಾರ್ ಎಂಬ ಹೆಣ್ಣುಮಕ್ಕಳ ಕಾಲೇಜಿನಲ್ಲಿದ್ದಾಗ, ಹಿಟ್ಟಿಗೆ ಬೀಳುವ ಒಂದು ಬಗೆಯ ಹುಳುವನ್ನು ಹಿಡಿದು ಅದರ ಕೋಶಗಳನ್ನು ಪರೀಕ್ಷಿಸಿದರು. ಹೆಣ್ಣು ಹುಳುವಿನಲ್ಲಿ 20 ದೊಡ್ಡ ವರ್ಣತಂತುಗಳು. ಗಂಡಿನಲ್ಲಿ 19 ದೊಡ್ಡವು, ಒಂದು ಚಿಕ್ಕದು. ಆ ಚಿಕ್ಕದನ್ನು ಪಡೆದ ಮರಿ ಗಂಡಾಗುವುದೆಂದು ಆಕೆ 1905ರಲ್ಲಿ ತೋರಿಸಿಕೊಟ್ಟರು. ಅದೇ ವರ್ಷ ಎಡ್ಮಂಡ್ ವಿಲ್ಸನ್ ಎಂಬ ವಿದ್ವಾಂಸನೂ ಬೇರೆಯಾಗಿ ಇಂಥದೇ ನಿರ್ಣಯಕ್ಕೆ ಬಂದನು. ಬಹುಕಾಲ ಕೀರ್ತಿಯ ಹೆಚ್ಚಿನ ಪಾಲು ಆತನಿಗೇ ಹೋಯಿತು. ಸ್ಟೀವನ್ಸ್ 1912ರಲ್ಲಿ ತೀರಿಕೊಂಡರು. ನಮ್ಮ ದೇಶದಲ್ಲಿಯೂ, ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದ ಜಾನಕಿ ಅಮ್ಮಾಳ್ ಅವರು ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠಹೇಳಿ, ಅಮೆರಿಕಕ್ಕೆ ಹೋಗಿ ವಿದ್ಯೆಯನ್ನು ಪೂರೈಸಿ, ಕೊಯಮತ್ತೂರಿನಲ್ಲಿ ಕಬ್ಬಿನ ವರ್ಣತಂತುಗಳನ್ನು ಪರಿಶೋಧಿಸಿದರು. ಬೆಳೆಗಳ ವರ್ಣತಂತುಗಳನ್ನು ಕುರಿತು ಡಾರ್ಲಿಂಗ್‌ಟನ್ ಎಂಬಾತನೊಡನೆ ಬರೆದ ದೊಡ್ಡ ಗ್ರಂಥವನ್ನು 1945ರಲ್ಲಿ ಹೊರತಂದರು.

ಮನುಷ್ಯರಲ್ಲಿಯೂ ಹಾಗೆಯೇ. ಹೆಣ್ಣಿನ ಕೊನೆಯ ಜೊತೆಯಲ್ಲಿ ಎರಡೂ ಎಕ್ಸ್ ಎಂಬ ಎಳೆಗಳು. ಗಂಡಿನಲ್ಲಿ ಒಂದು ಎಕ್ಸ್, ಒಂದು ವೈ. ತಾಯಿಯ ಬಳಿ ಇರುವುದು ಎಕ್ಸ್ ಮಾತ್ರವಾದ್ದರಿಂದ ಮಗನಿಗಾಗಲಿ ಮಗಳಿಗಾಗಲಿ ಆಕೆ ಅದನ್ನೇ ಕೊಡುವಳು. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಹಾಗೆಂದು ಇನ್ನು ಮೇಲೆ ಜಗುಲಿಯ ಮೇಲಿರುವಾತನನ್ನು ದೂರಬೇಕೆಂದು ನಾವು ಹೇಳುವುದಿಲ್ಲ. ಯಾವ ವೀರ್ಯಾಣು ಮುಂದೆ ಹೋಗಿ ಸೇರುವುದೆಂಬುದು ಅವನ ಇಚ್ಛೆಯಲ್ಲಿಯೂ ಇಲ್ಲ. ನಾಣ್ಯವನ್ನು ಮೇಲಕ್ಕೆ ಚಿಮ್ಮಿದ ಹಾಗೆ ಪ್ರತಿ ಸಲವೂ ಹೆಚ್ಚುಕಡಿಮೆ ಸಮ. ನಾಲ್ಕು ಮಕ್ಕಳುಳ್ಳ ಹದಿನಾರು ಮನೆಗಳು ಒಂದು ಬೀದಿಯಲ್ಲಿದ್ದರೆ, ಅವುಗಳಲ್ಲಿ ಒಂದರಲ್ಲಿ ನಾಲ್ವರೂ ಹೆಣ್ಣಾಗಿರುವುದು ಲೆಕ್ಕಕ್ಕೆ ಸರಿಯಾದ ಮಾತು. ಆ ಮನೆಯವರು ಯಾವ ಶಾಪಕ್ಕೂ ಗುರಿಯಾದವರಲ್ಲ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದು ಗಂಡಾಗಲೇಬೇಕೆಂಬ ನಂಬಿಕೆಗೂ ಆಧಾರವಿಲ್ಲ. ಹಿಂದಿನ ಮೂರು ಸಲ ಏನಾಯಿತೆಂಬುದು ನಾಣ್ಯಕ್ಕೆ ತಿಳಿಯದು.

ಮಗನನ್ನು ವಂಶೋದ್ಧಾರಕನೆನ್ನುವುದು ನಮ್ಮಲ್ಲಿ ರೂಢಿ. ಈ ಮಾತನ್ನು ವರ್ಣತಂತುಗಳ ಮುಂದಿಟ್ಟು ನೋಡಿದರೆ ವಿನೋದವಾಗಿದೆ. ವೈ ಎಂಬ ಎಳೆಯು ಎಕ್ಸ್ ಎಳೆಯ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಅದರಲ್ಲಿರುವ ಜೀನುಗಳಂತೂ ಎಕ್ಸಿಗೆ ಹೋಲಿಸಿದರೆ ಬಹು ಸ್ವಲ್ಪ. ಇದಲ್ಲದೆ, ಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯ ಎಂಬ ಕಣಗಳಲ್ಲಿಯೂ ಕೆಲವು ಜೀನುಗಳಿವೆ; ಅವು ತಾಯಿಯಿಂದಲೇ ಬರುವುವು. ಆದಕಾರಣ ಗಂಡುಮಗನೊಬ್ಬನ ಮೈಯಲ್ಲಿ ತಂದೆಯ ಕಡೆಯದಕ್ಕಿಂತ ತಾಯಿಯ ಕಡೆಯದು ತುಸು ಹೆಚ್ಚಾಗಿಯೇ ಇರುವುದು. ಯಾರ ವಂಶವನ್ನು ಅವನು ಉದ್ಧರಿಸುತ್ತಾನೆಂಬುದನ್ನು ಹಿರಿಯರು ವಿಚಾರಿಸಿ ನೋಡಲಿ.

ದನದ ವಿಷಯದಲ್ಲಿ ನಮ್ಮ ಸೀಮೆಯ ಜನರು ಎಷ್ಟು ವಿವೇಕಿಗಳೆಂಬುದನ್ನು ನೆನೆದಾಗ ನಮಗೆ ಆಶ್ಚರ್ಯವಾಗುತ್ತದೆ. ಮೈಸೂರು ಅರಸರ ಕಾಲದಿಂದ ಹೆಸರುಗೊಂಡ ಅಮೃತಮಹಲ್ ತಳಿಯು ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳಿಂದ ಆದುದೆಂದು ತಿಳಿದವರು ಹೇಳುವರು. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ, ಚಿಕ್ಕೆಮ್ಮಿಗನೂರುಗಳಲ್ಲಿ ಆ ತಳಿಯ ಕೇಂದ್ರಗಳುಂಟು. ಜಾತ್ರೆಯಲ್ಲಿ ಹೋರಿಕರುವನ್ನು ಕೊಳ್ಳುವ ರೈತನು ಅದರ ಕೊಂಬು, ಗೊರಸು, ಸುಳಿಗಳನ್ನು ನೋಡಿ ಸುಮ್ಮನಾಗುವುದಿಲ್ಲ. ತಾಯಿ ಎಂಥ ಹಸು, ತಂದೆ ಯಾರ ಮನೆಯ ಹೋರಿ ಎಂದು ಎರಡು ಕಡೆಯನ್ನೂ ವಿಚಾರಿಸುವನು. ಕರು ಸೊರಗಿದ್ದರೆ ಹಸುವೊಂದನ್ನೇ ದೂರುವ ರೈತನನ್ನು ನಾವು ಕಂಡಿಲ್ಲ. ಕೊಟ್ಟಿಗೆಯಲ್ಲಿ ಇಷ್ಟು ನ್ಯಾಯವಾಗಿ ಯೋಚಿಸುವಾತನು ನಡುಮನೆಗೆ ಬಂದೊಡನೆ ಬೇರೆ ಶಾಸ್ತ್ರವನ್ನು ಹಿಡಿಯುವುದೇಕೆ?

ಬೆಳೆಯ ವಿಷಯದಲ್ಲಿಯೂ ಹಾಗೆಯೇ. ಮಂಡ್ಯದ ವಿ. ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರೆಂದು ಪ್ರಸಿದ್ಧರಾದ ವಿಜ್ಞಾನಿಗಳು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ತೆಗೆದ ಹೊಸ ತಳಿಗಳಿಗೆ ಎರಡು ನಾಡುಗಳ ಹೆಸರನ್ನೂ ಸೇರಿಸಿ ಇಂಡಾಫ್ ಎಂದು ಕರೆದರು. ಸಮುದ್ರದಾಚೆಯ ಸಂಬಂಧವೆಂದು ರೈತರು ಅದನ್ನು ತಿರಸ್ಕರಿಸಲಿಲ್ಲ. ಇಳುವರಿಯನ್ನು ಕಂಡು ಸಂತೋಷದಿಂದಲೇ ಬಿತ್ತಿದರು. ಮಕ್ಕಳ ಮದುವೆಗೆ ಮಾತ್ರ ಸಂಬಂಧವು ಹತ್ತಿರವಾದಷ್ಟೂ ಮೇಲೆಂದು ಎಣಿಸುವೆವು.

ಇಲ್ಲಿ ನಾವು ಸ್ವಲ್ಪ ನಿಂತು ಮಾತನಾಡಬೇಕಾಗಿದೆ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದೂ, ಅತ್ತೆಯ ಮಗನಿಗೂ ಮಾವನ ಮಗಳಿಗೂ ಗಂಟುಹಾಕುವುದೂ ನಮ್ಮಲ್ಲಿ ಬಹು ಹಿಂದಿನಿಂದ ಬಂದುದು. ಮುಸಲ್ಮಾನರಲ್ಲಿ ಮಾವ ಸೊಸೆಯರ ಮದುವೆ ನಿಷಿದ್ಧವಾದರೂ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಮದುವೆಯಾಗಬಹುದು. ಕ್ರೈಸ್ತ ಮನೆಗಳಲ್ಲಿಯೂ ನೆಂಟರಲ್ಲಿಯೇ ಕೊಟ್ಟು ತರುವ ರೂಢಿ ಇಲ್ಲದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸುಗಳನ್ನು ಪರೀಕ್ಷಿಸಿದಾಗ, ಸುಮಾರು ಮೂರರಲ್ಲಿ ಒಂದು ಕೂಸಿನ ತಂದೆತಾಯಿಗಳು ರಕ್ತಸಂಬಂಧಿಗಳಾಗಿದ್ದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ಮದುವೆಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಇಂಥವೇ ಎಂದು ಕಂಡುಬಂದಿದೆ. ಇದು ಮೂಢರ ಪದ್ಧತಿಯೆಂದು ಹಳಿಯುವವರೊಡನೆ ನಾವು ಸೇರುವುದಿಲ್ಲ. ಮಳೆ ಕಡಿಮೆಯಾದ ಹಿರಿಯೂರಿನಂಥ ಸೀಮೆಯಲ್ಲಿ ಇರುವ ನಾಲ್ಕೆಕರೆ ಹೊಲ ಹಂಚಿಹೋಗದಿರಲಿ ಎಂಬುದೊಂದು ಕಾರಣ. ಮಗಳು ಗುರುತಿಲ್ಲದ ಮನೆಗೆ ಹೋಗಿ ಕಣ್ಣೀರಿಡದಿರಲಿ, ಅತ್ತೆಯಾಗುವವಳು ಅಜ್ಜಿಯೇ ಆಗಿದ್ದರೆ ನೋಡಿಕೊಳ್ಳುತ್ತಾಳೆ ಎಂಬುದು ಇನ್ನೊಂದು. ಹೆತ್ತವರ ಈ ಆಲೋಚನೆಯಲ್ಲಿ ಪ್ರೀತಿಯಿದೆ.

ಆದರೆ ಬಟಾಣಿಯ ಸುಕ್ಕನ್ನು ನೆನೆಯಿರಿ. ನಮ್ಮಲ್ಲಿ ಪ್ರತಿಯೊಬ್ಬರ ಮೈಯಲ್ಲಿಯೂ ಅಡಗಿದ ದೋಷದ ಜೀನುಗಳು ಕೆಲವಿವೆ. ಜೊತೆಯ ಇನ್ನೊಂದು ಎಳೆ ಸರಿಯಾಗಿರುವುದರಿಂದ ಅವು ನಮ್ಮನ್ನು ಬಾಧಿಸುವುದಿಲ್ಲ. ಸಂಬಂಧವಿಲ್ಲದ ಇಬ್ಬರಲ್ಲಿ ಒಂದೇ ದೋಷ ಇರುವುದು ಅಪರೂಪ. ಸೋದರಮಾವನಿಗೂ ಸೊಸೆಗೂ ಜೀನುಗಳಲ್ಲಿ ಕಾಲುಭಾಗ ಸಮಾನ. ಮಾವನ ಮಗಳಿಗೂ ಅತ್ತೆಯ ಮಗನಿಗೂ ಎಂಟರಲ್ಲೊಂದು ಭಾಗ. ಆದ್ದರಿಂದ ಅಜ್ಜನಲ್ಲಿ ಅಡಗಿದ್ದ ಒಂದೇ ದೋಷವು ಎರಡು ದಾರಿಯಿಂದ ಬಂದು ಮೊಮ್ಮಗುವಿನಲ್ಲಿ ಕೂಡುವ ಸಂಭವ ಹೆಚ್ಚು. ಹುಟ್ಟು ಕಿವುಡು, ಕೆಲವು ಬಗೆಯ ಕುರುಡು, ಬುದ್ಧಿಯ ಬೆಳವಣಿಗೆಯನ್ನು ಕುಂದಿಸುವ ಕೆಲವು ರೋಗಗಳು ಹೀಗೆ ತೋರಿಕೊಳ್ಳುವುವು. ನಮ್ಮ ಹಿರಿಯರಿಗೆ ಒಂದು ಬೆಡಗಿನೊಳಗೆ ಮದುವೆ ಕೂಡದೆಂಬ ಎಚ್ಚರವಿತ್ತು. ಚಿಕ್ಕಪ್ಪನ ಮಗಳು ತಂಗಿಯೆಂದು ಅವರು ಬಿಟ್ಟರು. ಆದರೆ ಚಿಕ್ಕಪ್ಪನ ಮಗಳಿಗೂ ಮಾವನ ಮಗಳಿಗೂ ವರ್ಣತಂತುಗಳ ಲೆಕ್ಕದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಅಕ್ಕನ ಮಗಳಂತೂ ಇಬ್ಬರಿಗಿಂತಲೂ ಹತ್ತಿರದವಳು. 1955ರ ಹಿಂದೂ ವಿವಾಹ ಕಾಯಿದೆಯೂ ಮಾವ ಸೊಸೆಯರ ಮದುವೆಯನ್ನು ನಿಷಿದ್ಧ ಸಂಬಂಧಗಳಲ್ಲಿ ಸೇರಿಸಿ, ರೂಢಿಯಿದ್ದಲ್ಲಿ ಮಾತ್ರ ವಿನಾಯಿತಿ ಕೊಟ್ಟಿದೆ.

"ನಮ್ಮ ಮನೆಯಲ್ಲಿ ಮೂರು ತಲೆಯಿಂದ ಹೀಗೇ ನಡೆದಿದೆ, ಮಕ್ಕಳೆಲ್ಲ ಗಟ್ಟಿಮುಟ್ಟಾಗಿದ್ದಾರೆ" ಎನ್ನುವವರುಂಟು. ಅವರ ಮಾತು ಸುಳ್ಳಲ್ಲ. ಸಂಬಂಧವಿಲ್ಲದ ತಂದೆತಾಯಿಗಳಿಗೆ ಹುಟ್ಟುವ ನೂರು ಕೂಸುಗಳಲ್ಲಿಯೂ ಎರಡು ಮೂರಕ್ಕೆ ದೊಡ್ಡ ದೋಷಗಳಿರುವುವು. ಅತ್ತೆ ಮಾವಂದಿರ ಮಕ್ಕಳ ಮದುವೆಯಲ್ಲಿ ಇನ್ನು ಎರಡು ಮೂರು ಕೂಡುವುವು. ಅಕ್ಕನ ಮಗಳಾದರೆ ಮತ್ತಷ್ಟು ಹೆಚ್ಚು. ಹೆಚ್ಚಿನ ಕೂಸುಗಳು ಆರೋಗ್ಯವಾಗಿಯೇ ಹುಟ್ಟುವುವು. ಆದ್ದರಿಂದ ಈಗಾಗಲೇ ನೆಂಟರಲ್ಲಿ ಮದುವೆಯಾಗಿರುವ ನಮ್ಮ ಸೋದರಿಯರು ಹೆದರಬೇಕಾದುದಿಲ್ಲ. ಇನ್ನು ಮುಂದೆ ನಡೆಯುವ ಮದುವೆಗಳಲ್ಲಿ ಅಕ್ಕನ ಮಗಳ ಸಂಬಂಧವನ್ನು ಬಿಡಬೇಕು. ಒಂದು ತಲೆಯಲ್ಲಿ ನೆಂಟರಲ್ಲಿ ನಡೆದಿದ್ದರೆ ಮರುತಲೆಯಲ್ಲಿ ಹೊರಗೆ ನೋಡಬೇಕು. ಮನೆಯಲ್ಲಿ ಹುಟ್ಟು ಕಿವುಡರೋ ಬೇರೆ ರೋಗದವರೋ ಇದ್ದರೆ ತಜ್ಞರನ್ನು ಕೇಳದೆ ನಿಶ್ಚಯ ಮಾಡಬಾರದು. ನಾವು ಕೇಳುವುದು ಇಷ್ಟೇ. ದೋಷವಿರುವ ಮಗು ಹುಟ್ಟಿದ ಮನೆಯಲ್ಲಿಯೂ ತಾಯೊಬ್ಬಳನ್ನು ದೂರುವುದು ಶುದ್ಧ ಅನ್ಯಾಯ. ಇಂಥ ರೋಗಗಳಲ್ಲಿ ಎರಡು ಕಡೆಯ ಜೀನುಗಳೂ ಕೂಡದೆ ರೋಗವೇ ಇಲ್ಲ.

ತಾಯಿಯ ಎಳೆಯಿಂದಲೇ ಮಗನಿಗೆ ಬರುವ ರೋಗಗಳೂ ಉಂಟೆಂಬುದನ್ನು ಮರೆಮಾಚುವುದು ಸರಿಯಲ್ಲ. ಗಾಯದ ರಕ್ತ ಬೇಗ ನಿಲ್ಲದ ಹಿಮೊಫಿಲಿಯಾ ಅಂಥದು. ಅದರ ಜೀನು ಎಕ್ಸ್ ಎಳೆಯ ಮೇಲಿದೆ. ಹೆಣ್ಣಿಗೆ ಎರಡು ಎಕ್ಸ್ಇರುವುದರಿಂದ ಸಾಮಾನ್ಯವಾಗಿ ಒಂದು ಇನ್ನೊಂದನ್ನು ಕಾಯುವುದು. ಗಂಡಿಗೆ ಒಂದೇ ಆದ್ದರಿಂದ ಕಾವಲಿಲ್ಲ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮಗ ಲಿಯೊಪೋಲ್ಡನಿಗೂ, ಆಕೆಯ ಹೆಣ್ಣುಸಂತತಿಯ ಮೂಲಕ ರಷ್ಯದ ಯುವರಾಜನಿಗೂ ಇದು ಬಂದಿತು. ಸಾಮ್ರಾಜ್ಞಿಯ ಅರಮನೆಗೂ ಹೊಕ್ಕ ಈ ರೋಗವನ್ನು ಬಡವರ ಮನೆಯ ಸೊಸೆಯ ಪಾಪವೆನ್ನುವುದು ಹೇಗೆ? 1997ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ದಾವಣಗೆರೆಯಲ್ಲಿ ಕರ್ನಾಟಕ ಹಿಮೊಫಿಲಿಯಾ ಸೊಸೈಟಿಯವರು ಈ ರೋಗಿಗಳ ಸೇವೆಯನ್ನು ಮಾಡುತ್ತಾ ಬಂದಿದ್ದಾರೆ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನ ಕಥೆಯನ್ನೂ ಹೇಳಬೇಕು. 1970ರ ದಶಕದ ಮಧ್ಯದಲ್ಲಿ ಅಲ್ಲಿಯ ಕೂಲಿಕಾರ ಮನೆಗಳಲ್ಲಿ ಸೊಂಟ ಮಂಡಿಗಳು ನೋಯುತ್ತ ಸವೆದು, ಜನರು ನಡೆಯಲಾರದಾದರು. ಕ್ರಿಮಿನಾಶಕ ಬಿದ್ದ ಗದ್ದೆಯ ಏಡಿಗಳನ್ನು ತಿಂದುದರಿಂದ ಹೀಗಾಯಿತೆಂದು ಮೊದಲು ಸಂಶಯಪಟ್ಟರು. ಅದು ಮನೆತನದಲ್ಲಿ ಇಳಿದುಬರುವ ರೋಗವೆಂದು, ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ತೋರುವುದೆಂದು ಬಳಿಕ ಗೊತ್ತಾಯಿತು. ಕಾರಣ ತಿಳಿದಮಾತ್ರಕ್ಕೆ ನೋವು ಹೋಗಲಿಲ್ಲ. ಆದರೂ, ಇದು ಸೋಂಕೂ ಅಲ್ಲ, ಮಾಟವೂ ಅಲ್ಲ, ದೇವರ ಕೋಪವೂ ಅಲ್ಲವೆಂದು ಖಚಿತವಾಗಿ ಹೇಳಬಲ್ಲವರು ಊರಿನಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ರೋಗಿಯ ಬಾಳಿನಲ್ಲಿ ಬಹಳ ಅಂತರವಿದೆ.

ಈ ಶಾಸ್ತ್ರವನ್ನು ಕೆಟ್ಟುದಕ್ಕೆ ಬಳಸಿದವರೂ ಇದ್ದಾರೆ. ಜನಾಂಗದ ಶುದ್ಧಿಯ ಹೆಸರಿನಲ್ಲಿ ಜರ್ಮನಿಯು 1933ರಲ್ಲಿ ಕಾಯಿದೆ ಮಾಡಿ ಲಕ್ಷಾಂತರ ಜನರಿಗೆ ಬಲವಂತದಿಂದ ಸಂತಾನವಿಲ್ಲದಂತೆ ಶಸ್ತ್ರಚಿಕಿತ್ಸೆ ಮಾಡಿತು. ಅಡಗಿದ ದೋಷಗಳಿಲ್ಲದ ಕುಲವೇ ಲೋಕದಲ್ಲಿಲ್ಲವೆಂಬುದನ್ನು ಆ ಶಾಸ್ತ್ರವೇ ಹೇಳುತ್ತಿರುವಾಗ ಅದರಿಂದ ಕುಲದ ಹೆಮ್ಮೆಯನ್ನು ಕಟ್ಟುವುದು ಹಾಸ್ಯಾಸ್ಪದ. ನಮ್ಮಲ್ಲಿ ನಡೆದ ದುರುಪಯೋಗ ಬೇರೆ ಬಗೆಯದು. ಭ್ರೂಣದ ಲಿಂಗಪರೀಕ್ಷೆಯನ್ನು ತಡೆಯುವ ಕಾಯಿದೆ 1994ರಲ್ಲಿ ಆಗಿ 1996ರಿಂದ ಜಾರಿಯಲ್ಲಿದೆ. ಹಾಗಿದ್ದರೂ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಇದ್ದ ಹೆಣ್ಣುಮಕ್ಕಳು 2001ರಲ್ಲಿ 946ಕ್ಕೆ ಇಳಿದರು; 2011ರಲ್ಲಿ 948. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವನ್ನಿಟ್ಟು ಬಸಿರಿನ ಕೂಸು ಹೆಣ್ಣೋ ಗಂಡೋ ನೋಡುತ್ತಿದ್ದ ಕೂಟದ ಸುದ್ದಿ 2023ರಲ್ಲಿ ಹೊರಬಿದ್ದಾಗ ನಾಡೇ ತಲೆತಗ್ಗಿಸಿತು. ಅಲ್ಲಿಗೆ ಹೋದವರಲ್ಲಿ ಎಷ್ಟು ಮಂದಿ ಸೊಸೆಯರು ತಾವಾಗಿ ಹೋದರು, ಎಷ್ಟು ಮಂದಿ ಅಪವಾದಕ್ಕೆ ಅಂಜಿ ಹೋದರು ಎಂಬುದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ.

ತಾಯಂದಿರಲ್ಲಿಯೂ, ಅತ್ತೆಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ತೊಟ್ಟಿಲ ಬಳಿ ಆ ಹಳೆಯ ಮಾತು ಹೊರಟಾಗ ಉತ್ತರ ಕೊಡಬೇಕಾದವರು ಬಾಣಂತಿಯಲ್ಲ, ನೀವು. ಬಾಣಂತಿ ಹೇಳಿದರೆ ಎದುರುತ್ತರವೆನಿಸುವುದು. ಅತ್ತೆ ಹೇಳಿದರೆ ಮನೆ ಕೇಳುವುದು. ಮದುವೆಯ ಮಾತುಕತೆಗೆ ಜಾತಕವನ್ನು ತರಿಸುವವರು ತರಿಸಲಿ. ಅದರೊಂದಿಗೆ ಎರಡು ಮನೆಗಳ ಮೂರು ತಲೆಮಾರಿನ ಒಂದು ಪಟ್ಟಿಯನ್ನೂ ಮಾಡಿಸಬೇಕು. ಯಾರು ಯಾರಿಗೆ ಏನಾಗಬೇಕು, ಯಾರಿಗೆ ಯಾವ ರೋಗವಿತ್ತು, ಯಾವ ವಯಸ್ಸಿನಲ್ಲಿ ಬಂದಿತು ಎಂಬುದನ್ನು ಅದರಲ್ಲಿ ಬರೆಯಬೇಕು. ಸಂದೇಹವಿದ್ದರೆ ಅದನ್ನು ಹಿಡಿದು ವೈದ್ಯರಲ್ಲಿಗೆ ಹೋಗಬಹುದು. ಈ ಶಾಸ್ತ್ರದಲ್ಲಿ ಸಲಹೆ ಕೊಡುವುದಕ್ಕೆಂದೇ ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮುಂತಾದ ಸಂಸ್ಥೆಗಳಿವೆ. ಪಟ್ಟಿಗೆ ಬೇಕಾದುದೆಲ್ಲ ಮನೆಯ ಅಜ್ಜಿಯರ ನೆನಪಿನಲ್ಲಿದೆ. ಕೇಳುವವರಿಲ್ಲದೆ ಅದು ಅವರೊಡನೆಯೇ ಹೋಗುತ್ತಿದೆ. ರಜೆಗೆ ಬಂದ ಹುಡುಗಿಯರು ಅವರ ಪಕ್ಕದಲ್ಲಿ ಕುಳಿತು ಇದನ್ನು ಬರೆದುಕೊಳ್ಳಲಿ. ಹೆಸರಿಡುವ ಮುನ್ನವೇ ತೀರಿಹೋದ ಕೂಸುಗಳನ್ನು ಬಿಡಬಾರದು. ಅವು ಎಷ್ಟು, ಯಾವ ಸೊಸೆಗೆ, ಹುಟ್ಟಿದ ಎಷ್ಟನೆಯ ದಿನ ಎಂದು ಕೇಳಿದರೆ ಅಜ್ಜಿಯರು ಬೆರಳು ಮಡಿಸಿ ಹೇಳುವರು.